ಇಸಿಎಂ ಬದಲಿಸುವ ಮುನ್ನ: ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಮೆಕ್ಯಾನಿಕ್ ಬಂಧುಗಳಿಗೆ ಬಹಿರಂಗ ಪತ್ರ

ಹಾವೇರಿ, ರಾಣೆಬೆನ್ನೂರು ಮತ್ತು ಬ್ಯಾಡಗಿಯ ಮೋಟಾರು ಮೆಕ್ಯಾನಿಕ್‌ಗಳಿಗೆ, ಆಟೊ ಎಲೆಕ್ಟ್ರಿಷಿಯನ್‌ಗಳಿಗೆ, ಗ್ಯಾರೇಜ್ ಮಾಲೀಕರಿಗೆ ಹಾಗೂ ಐಟಿಐಗಳಲ್ಲಿ ಈ ಕಸುಬು ಕಲಿಯುತ್ತಿರುವ ಹುಡುಗರಿಗೆ,

ಈಗಿನ ಕಾರಿನಲ್ಲಿ ಸ್ಪೀಡೊಮೀಟರಿಗೆ ಕೇಬಲ್ ಇಲ್ಲ. ಚಕ್ರದ ಬಳಿಯ ಸೆನ್ಸರ್ ತಿರುಗುವ ವೇಗವನ್ನು ಎಬಿಎಸ್ ಕಂಪ್ಯೂಟರಿಗೆ ಮುಟ್ಟಿಸುತ್ತದೆ. ಎಬಿಎಸ್ ಅದನ್ನು ಒಂದಕ್ಕೊಂದು ಹೆಣೆದ ಎರಡು ತೆಳ್ಳನೆಯ ತಂತಿಗಳ ಮೇಲೆ ಬಿಡುತ್ತದೆ. ಅದೇ ತಂತಿಗಳಿಗೆ ಜೋಡಿಸಿಕೊಂಡಿರುವ ಮೀಟರ್ ಬೋರ್ಡು ಆ ಸುದ್ದಿ ಓದಿ ಮುಳ್ಳು ಏರಿಸುತ್ತದೆ, ಸ್ಟೀರಿಂಗ್ ಮೋಟರು ತನ್ನ ನೆರವನ್ನು ವೇಗಕ್ಕೆ ತಕ್ಕಂತೆ ತಗ್ಗಿಸುತ್ತದೆ, ಬಾಗಿಲುಗಳು ತಾವಾಗಿಯೇ ಲಾಕ್ ಆಗುತ್ತವೆ. ಈ ತಂತಿಜೋಡಿಗೆ ಪೆಟ್ಟಾದರೆ ಎಬಿಎಸ್, ಏರ್‌ಬ್ಯಾಗ್, ಸ್ಟೀರಿಂಗ್ ದೀಪಗಳು ಒಟ್ಟಿಗೆ ಹತ್ತುತ್ತವೆ, ಮುಳ್ಳು ಸೊನ್ನೆಗೆ ಬೀಳುತ್ತದೆ, ಕೆಲವು ಗಾಡಿಗಳಲ್ಲಿ ಸೆಲ್ಫ್ ತಿರುಗಿದರೂ ಇಂಜಿನ್ ಹಿಡಿಯುವುದಿಲ್ಲ. ಬಿಡಿಭಾಗಗಳು ಒಂದೂ ಕೆಟ್ಟಿರುವುದಿಲ್ಲ, ಅವುಗಳ ನಡುವಿನ ಮಾತು ಮಾತ್ರ ನಿಂತಿರುತ್ತದೆ. ವಾಹನ ದುರಸ್ತಿಯಲ್ಲಿ ತಪ್ಪು ಚಿಕಿತ್ಸೆ ಸುಲಭವಾಗಿ ನಡೆದುಬಿಡುವ ಜಾಗ ಇದು. ಆ ತಪ್ಪಿಗೆ ದಂಡ ತೆರುವವನು ಗಾಡಿಯ ಮಾಲೀಕ.

ಈ ವ್ಯವಸ್ಥೆಗೆ ಕ್ಯಾನ್ ಎಂದು ಹೆಸರು. ಡೀಸೆಲ್ ಪಂಪಿನ ಮೂಲಕ ಕನ್ನಡ ನಾಡಿನ ಪ್ರತಿ ಗ್ಯಾರೇಜಿಗೂ ಪರಿಚಿತವಾದ ‘ಮೈಕೊ’ ಕಂಪನಿಯ ಜರ್ಮನ್ ಮಾತೃಸಂಸ್ಥೆ ಬಾಷ್ ಇದರ ಕೆಲಸವನ್ನು 1983ರಲ್ಲಿ ಶುರುಮಾಡಿತು. 1951ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆದ ಮೈಕೊ 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿಕೊಂಡಿತು. ಹಳೆಯ ಪಂಪು, ಹೊಸ ತಂತಿಜೋಡಿ ಎರಡೂ ಒಂದೇ ಮನೆತನದ್ದು. 1986ರ ಫೆಬ್ರುವರಿಯಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಕ್ಯಾನ್ ಮೊದಲ ಬಾರಿ ಪ್ರಕಟವಾಯಿತು, ಮರುವರ್ಷ ಅದರ ಚಿಪ್ ಮಾರುಕಟ್ಟೆಗೆ ಬಂತು, 1993ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು. ಭಾರತದಲ್ಲಿ 2013ರ ಏಪ್ರಿಲ್‌ನಿಂದ ಕಾರುಗಳಿಗೆ ದೋಷಗಳನ್ನು ತಾನೇ ದಾಖಲಿಸುವ ಓಬಿಡಿ-2 ವ್ಯವಸ್ಥೆ ಬಂತು. 2019ರ ಏಪ್ರಿಲ್‌ನಿಂದ ಎಬಿಎಸ್, ಅದೇ ವರ್ಷದ ಜುಲೈನಿಂದ ಚಾಲಕನ ಏರ್‌ಬ್ಯಾಗ್, 2020ರ ಏಪ್ರಿಲ್ 1ರಿಂದ ಬಿಎಸ್-6 ಹೊಗೆ ನಿಯಮ ಕಡ್ಡಾಯವಾದವು. ಹೀಗಾಗಿ ಅತಿ ಅಗ್ಗದ ಹೊಸ ಕಾರಿನಲ್ಲೂ ಇಂಜಿನ್, ಎಬಿಎಸ್, ಏರ್‌ಬ್ಯಾಗ್, ಸ್ಟೀರಿಂಗ್, ಬಾಡಿ, ಮೀಟರ್ ಬೋರ್ಡು ಎಂದು ಐದಾರು ಕಂಪ್ಯೂಟರುಗಳಾದರೂ ಇರುತ್ತವೆ. 2023ರ ಜನವರಿಯಿಂದ 50 ಅಶ್ವಶಕ್ತಿ ಮೀರಿದ ಹೊಸ ಟ್ರ್ಯಾಕ್ಟರುಗಳಿಗೂ ಕಟ್ಟುನಿಟ್ಟಿನ ಹೊಗೆ ನಿಯಮ ಬಂದು, ಕಂಪ್ಯೂಟರ್ ನಿಯಂತ್ರಣದ ಇಂಜಿನ್‌ಗಳು ಹೊಲಕ್ಕೂ ಇಳಿದಿವೆ. ಗೋವಿನಜೋಳ, ಹತ್ತಿ, ಬೀಜೋತ್ಪಾದನೆಯ ಈ ಜಿಲ್ಲೆಯಲ್ಲಿ ಈ ವಿದ್ಯೆ ಕಾರಿನ ಗ್ಯಾರೇಜಿಗಷ್ಟೇ ಸಂಬಂಧಿಸಿದ್ದಲ್ಲ.

ಕ್ಯಾನ್‌ನ ಎರಡು ತಂತಿಗಳಲ್ಲಿ ಒಂದು ಕ್ಯಾನ್-ಹೈ, ಇನ್ನೊಂದು ಕ್ಯಾನ್-ಲೋ. ಯಾರೂ ಮಾತಾಡದಿರುವಾಗ ಎರಡೂ ಸುಮಾರು 2.5 ವೋಲ್ಟಿನಲ್ಲಿ ನಿಂತಿರುತ್ತವೆ. ಯಾವುದಾದರೂ ಕಂಪ್ಯೂಟರು ಮಾತಾಡಿದಾಗ ಹೈ 3.5ಕ್ಕೆ ಏರುತ್ತದೆ, ಲೋ 1.5ಕ್ಕೆ ಇಳಿಯುತ್ತದೆ. ಕೇಳುವವರು ನೋಡುವುದು ಎರಡರ ನಡುವಿನ ಅಂತರವನ್ನು ಮಾತ್ರ. ಡೈನಮೊ, ಇಗ್ನಿಷನ್ ಕಾಯಿಲ್, ಫ್ಯಾನ್ ಮೋಟರುಗಳ ಗದ್ದಲ ಎರಡು ತಂತಿಗಳ ಮೇಲೂ ಒಂದೇ ಸಮನಾಗಿ ಬೀಳುವುದರಿಂದ ಅಂತರ ಕೆಡುವುದಿಲ್ಲ. ತಂತಿಗಳನ್ನು ಹೆಣೆದಿರುವುದು ಅದಕ್ಕಾಗಿಯೇ. ದುರಸ್ತಿಯ ಹೊತ್ತಿಗೆ ಹೆಣಿಗೆ ಬಿಚ್ಚಿ ಒಂದೊಂದು ತಂತಿಯನ್ನು ಒಂದೊಂದು ದಾರಿಯಲ್ಲಿ ಎಳೆದರೆ ಆ ರಕ್ಷಣೆ ಹೋಯಿತು. ಇಂಜಿನ್ ಜಾಲದಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 5 ಲಕ್ಷ ಬಿಟ್ ಓಡುತ್ತವೆ. ಒಂದು ಬಿಟ್ಟಿಗೆ ಸಿಗುವ ಕಾಲ ಸೆಕೆಂಡಿನ ಹತ್ತು ಲಕ್ಷದಲ್ಲಿ ಎರಡು ಭಾಗ. ಈ ವೇಗದಲ್ಲಿ ತಂತಿಯ ತುದಿ ತೆರೆದಿದ್ದರೆ ಸಂಕೇತ ಅಲ್ಲಿ ಬಡಿದು ವಾಪಸಾಗಿ ಮುಂದಿನ ಬಿಟ್ಟನ್ನು ಕಲಕುತ್ತದೆ. ಅದನ್ನು ತಡೆಯಲು ಜಾಲದ ಎರಡೂ ತುದಿಗಳಲ್ಲಿ 120 ಓಮಿನ ಒಂದೊಂದು ರೆಸಿಸ್ಟರ್ ಇರುತ್ತದೆ. ಬಹಳ ಗಾಡಿಗಳಲ್ಲಿ ಒಂದು ಇಂಜಿನ್ ಕಂಪ್ಯೂಟರಾದ ಇಸಿಎಂ ಒಳಗೆ, ಇನ್ನೊಂದು ಮೀಟರ್ ಬೋರ್ಡಿನಲ್ಲೋ ಬಾಡಿ ಕಂಪ್ಯೂಟರಾದ ಬಿಸಿಎಂನಲ್ಲೋ ಕೂತಿರುತ್ತದೆ. ಈ ಎರಡು ರೆಸಿಸ್ಟರುಗಳೇ ಮುಂದೆ ಮಲ್ಟಿಮೀಟರಿಗೆ ದಾರಿ ತೋರಿಸುವುದು.

ಜಾಲದ ಕಂಪ್ಯೂಟರುಗಳಲ್ಲಿ ಇಬ್ಬರು ಒಟ್ಟಿಗೆ ಬಾಯಿ ತೆರೆದರೆ ಸಣ್ಣ ಸಂಖ್ಯೆ ಹೊತ್ತ ಸಂದೇಶಕ್ಕೆ ಮೊದಲ ದಾರಿ, ಇನ್ನೊಬ್ಬ ತಾನಾಗಿ ಸುಮ್ಮನಾಗಿ ಕಾಯುತ್ತಾನೆ. ತಪ್ಪು ಸಂದೇಶ ಕಂಡರೆ ಕೇಳಿದವರು ಕೂಡಲೇ ತಡೆಯುತ್ತಾರೆ, ಕಳಿಸಿದವನ ತಪ್ಪಿನ ಲೆಕ್ಕಕ್ಕೆ 8 ಸೇರುತ್ತದೆ. ಸರಿಯಾಗಿ ಹೋದ ಪ್ರತಿ ಸಂದೇಶಕ್ಕೆ ಲೆಕ್ಕದಿಂದ 1 ಕಳೆಯುತ್ತದೆ. ಲೆಕ್ಕ 256 ಮುಟ್ಟಿದರೆ ಆ ಕಂಪ್ಯೂಟರು ಜಾಲದಿಂದ ತನ್ನನ್ನು ತಾನೇ ಹೊರಗಿಟ್ಟುಕೊಳ್ಳುತ್ತದೆ. ಸತತ 32 ಬಾರಿ ಸೋತರೆ ಅಷ್ಟು ಸಾಕು, ಅದಕ್ಕೆ ಸೆಕೆಂಡಿನ ಒಂದು ಚೂರೂ ಬೇಡ. ಇದನ್ನು ‘ಬಸ್ ಆಫ್’ ಎನ್ನುತ್ತಾರೆ. ಚಾವಿ ತೆಗೆದು ಹಾಕಿದಾಗ ಅದು ಮತ್ತೆ ಒಳಬರುತ್ತದೆ. ‘ಗಾಡಿ ಆಫ್ ಮಾಡಿ ಸ್ಟಾರ್ಟ್ ಮಾಡಿದ್ರೆ ಸರಿ ಹೋಗ್ತದ್ರಿ’ ಎಂದು ಗಿರಾಕಿ ಹೇಳುವ ಮಾತಿನ ಹಿಂದೆ ಹಲವು ಬಾರಿ ಇರುವುದು ಇದೇ. ಆ ಮಾತನ್ನು ಜಾಬ್ ಕಾರ್ಡಿನಲ್ಲಿ ಬರೆದುಕೊಳ್ಳುವುದು ಒಳ್ಳೆಯದು.

ತಪಾಸಣೆ ಶುರುವಾಗಬೇಕಾದದ್ದು ಬ್ಯಾಟರಿಯಿಂದ. ತುಂಬಿದ ಬ್ಯಾಟರಿ ಸುಮ್ಮನಿರುವಾಗ 12.6 ವೋಲ್ಟ್ ತೋರಿಸುತ್ತದೆ. ಸೆಲ್ಫ್ ಹೊಡೆದಾಗ 9.6ಕ್ಕಿಂತ ಕೆಳಗೆ ಇಳಿಯಬಾರದು, ಇಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.4ರ ನಡುವೆ ಇರಬೇಕು. ಸೆಲ್ಫ್ ಹೊಡೆದ ಕ್ಷಣ ವೋಲ್ಟೇಜು ಕುಸಿದರೆ ಕಂಪ್ಯೂಟರುಗಳು ಒಂದೊಂದಾಗಿ ಮಲಗಿ ಏಳುತ್ತವೆ. ಎಚ್ಚರವಿದ್ದವು ಮಲಗಿದವುಗಳ ಮೇಲೆ ದೂರು ಬರೆದಿಡುತ್ತವೆ. ಸ್ಕ್ಯಾನರ್ ಹಾಕಿದರೆ ಹತ್ತು ಹದಿನೈದು ಕೋಡು. ಅಲ್ಲಿ ಕೆಟ್ಟಿರುವುದು ಹಳೆಯ ಬ್ಯಾಟರಿಯೊಂದೇ ಆಗಿರಬಹುದು. ಅರ್ತ್ ತಂತಿಯದೂ ಇದೇ ಕಥೆ. ಇಂಜಿನ್ ಓಡಿಸಿ, ಹೆಡ್‌ಲೈಟ್, ಫ್ಯಾನ್ ಹಾಕಿ, ಬ್ಯಾಟರಿಯ ಮೈನಸ್ ಕಂಬಕ್ಕೂ ಇಂಜಿನ್ ಬ್ಲಾಕಿಗೂ, ಹಾಗೆಯೇ ಬಾಡಿಗೂ ನಡುವೆ ಅಳೆದಾಗ 0.1 ವೋಲ್ಟಿಗಿಂತ ಹೆಚ್ಚು ಬಂದರೆ ಅರ್ತ್ ಬಿಗಿಯಿಲ್ಲ ಎಂದರ್ಥ. ಟಿಂಕರಿಂಗ್, ಪೇಂಟಿಂಗ್ ಮುಗಿಸಿ ಬಂದ ಗಾಡಿಯಲ್ಲಿ ಅರ್ತ್ ಬೋಲ್ಟಿನ ಕೆಳಗೆ ಬಣ್ಣ ಉಳಿದಿದೆಯೇ ಎಂದು ಕಣ್ಣಿಂದಲೇ ನೋಡಬೇಕು. ಕಂಬವನ್ನು ಸ್ಯಾಂಡ್‌ಪೇಪರಿನಿಂದ ಉಜ್ಜಿ ಬಿಗಿ ಮಾಡಿದಷ್ಟಕ್ಕೇ ಗುಣವಾಗುವ ಗಾಡಿಗಳು ಕಡಿಮೆಯಿಲ್ಲ.

ಆಮೇಲೆ ಸ್ಕ್ಯಾನರು. ಮೊಬೈಲಿಗೆ ಜೋಡಿಸುವ ಅಗ್ಗದ ಡಾಂಗಲ್ ಇಂಜಿನ್ ಕಂಪ್ಯೂಟರನ್ನಷ್ಟೇ ಓದುತ್ತದೆ, ಜಾಲದ ದೋಷ ಹುಡುಕಲು ಎಲ್ಲ ಕಂಪ್ಯೂಟರುಗಳನ್ನೂ ಮುಟ್ಟುವ ಯಂತ್ರ ಬೇಕು. ಜಾಲದ ಕೋಡುಗಳು ‘ಯು’ ಅಕ್ಷರದಿಂದ ಶುರುವಾಗುತ್ತವೆ. ಯು-0100 ಎಂದರೆ ಇಂಜಿನ್ ಇಸಿಎಂ ಮಾತು ಕೇಳಿಸುತ್ತಿಲ್ಲ, ಯು-0121 ಎಂದರೆ ಎಬಿಎಸ್, ಯು-0140 ಎಂದರೆ ಬಿಸಿಎಂ, ಯು-0151 ಎಂದರೆ ಏರ್‌ಬ್ಯಾಗ್, ಯು-0155 ಎಂದರೆ ಮೀಟರ್ ಬೋರ್ಡು. ಯು-0073 ಬಂದರೆ ಜಾಲವೇ ಕುಸಿದು ಬಿದ್ದಿತ್ತು ಎಂದು. ಕೋಡು ಎಂದರೆ ಪಂಚಾಯ್ತಿ ಕಟ್ಟೆಯಲ್ಲಿ ಸಾಕ್ಷಿ ಹೇಳಿದ ಮಾತಿದ್ದಂತೆ: ‘ಇಂಥವನ ದನಿ ನನಗೆ ಕೇಳಿಸಲಿಲ್ಲ’ ಎಂಬಷ್ಟನ್ನೇ ಅದು ಹೇಳುತ್ತದೆ. ಅವನು ಮಾತಾಡಲಿಲ್ಲವೋ, ಮಾತು ದಾರಿಯಲ್ಲಿ ಕಳೆಯಿತೋ, ಕೇಳುವವನ ಕಿವಿಯೇ ಕೆಟ್ಟಿತ್ತೋ ಎಂಬುದನ್ನು ಅಳೆದೇ ತಿಳಿಯಬೇಕು. ಯು-0100 ಕಂಡ ಕೂಡಲೇ ಇಸಿಎಂ ಹೋಗಿದೆ ಎಂದು ಹೇಳಿಬಿಡುವುದು ಈ ಕೆಲಸದ ಅತಿ ದುಬಾರಿ ತಪ್ಪು.

ಬಂದ ಕೋಡುಗಳನ್ನೆಲ್ಲ ಮೊದಲು ಬರೆದುಕೊಳ್ಳಬೇಕು ಅಥವಾ ಫೋಟೊ ತೆಗೆದಿಟ್ಟುಕೊಳ್ಳಬೇಕು, ಆಮೇಲೆ ಅಳಿಸಬೇಕು. ಹಳೆಯ ಬ್ಯಾಟರಿಯ ಕಾಲದ ದೂರುಗಳು ಅಲ್ಲಿಗೆ ಮುಗಿಯುತ್ತವೆ, ನಿಜವಾದವು ಮರಳಿ ಬರುತ್ತವೆ. ಮರಳಿದವುಗಳಲ್ಲಿ ಯಾರು ಯಾರ ಮೇಲೆ ದೂರಿದ್ದಾರೆ ಎಂದು ಒಂದು ಹಾಳೆಯಲ್ಲಿ ಬರೆದರೆ ಅರ್ಧ ಕೆಲಸ ಆದಂತೆಯೇ. ಎಬಿಎಸ್, ಏರ್‌ಬ್ಯಾಗ್, ಮೀಟರ್ ಬೋರ್ಡು ಮೂರೂ ಇಂಜಿನ್ ಇಸಿಎಂ ಮೇಲೆ ಮಾತ್ರ ದೂರಿದ್ದರೆ, ಆ ಮೂವರ ನಡುವಿನ ತಂತಿ ಸರಿಯಿದೆ. ನೋಡಬೇಕಾದದ್ದು ಇಸಿಎಂ ಕಡೆಯ ಕವಲನ್ನು, ಅದರ ಫ್ಯೂಸನ್ನು, ರಿಲೇಯನ್ನು, ಅರ್ತನ್ನು. ಒಬ್ಬನೇ ಉಳಿದೆಲ್ಲರ ಮೇಲೂ ದೂರಿದ್ದರೆ ಮೊದಲ ಸಂಶಯ ದೂರಿದವನ ಕವಲಿನ ಮೇಲೆ. ಸ್ಕ್ಯಾನರಿಗೆ ಒಬ್ಬರೂ ಉತ್ತರಿಸದಿದ್ದರೆ ಜಾಲ ಪೂರ್ತಿ ಬಿದ್ದಿದೆ, ಇಲ್ಲವೇ ಸ್ಕ್ಯಾನರ್ ಸಿಕ್ಕಿಸುವ ಓಬಿಡಿ ಕಪ್ಲರಿಗೇ ಕರೆಂಟ್ ಇಲ್ಲ. ಆ ಕಪ್ಲರಿನ 16ನೇ ಪಿನ್ನಿಗೆ ಬ್ಯಾಟರಿ ಪ್ಲಸ್, 4 ಮತ್ತು 5ಕ್ಕೆ ಅರ್ತ್ ಬರುತ್ತದೆ. ಸಿಗರೇಟ್ ಲೈಟರ್ ಸಾಕೆಟ್ಟಿಗೂ ಓಬಿಡಿಗೂ ಒಂದೇ ಫ್ಯೂಸ್ ಇರುವ ಗಾಡಿಗಳು ಬಹಳ. ಅಗ್ಗದ ಮೊಬೈಲ್ ಚಾರ್ಜರಿನಿಂದ ಆ ಫ್ಯೂಸ್ ಹಾರಿರುತ್ತದೆ, ದೋಷವೆಲ್ಲ ಸ್ಕ್ಯಾನರಿನ ತಲೆಗೆ ಬರುತ್ತದೆ.

ಇಲ್ಲಿಂದ ಮುಂದೆ ಮುಖ್ಯ ಸಾಧನ ಮಲ್ಟಿಮೀಟರು. ಅದು ಪ್ರತಿ ಆಟೊ ಎಲೆಕ್ಟ್ರಿಷಿಯನ್ನನ ಕೈಯಲ್ಲಿ ಈಗಾಗಲೇ ಇದೆ. ಓಬಿಡಿ ಕಪ್ಲರಿನ 6ನೇ ಪಿನ್ ಕ್ಯಾನ್-ಹೈ, 14ನೇದು ಕ್ಯಾನ್-ಲೋ. ಚಾವಿ ತೆಗೆದು, ಬ್ಯಾಟರಿಯ ಮೈನಸ್ ಬಿಚ್ಚಿ, ಐದು ನಿಮಿಷ ಬಿಟ್ಟು ಈ ಎರಡರ ನಡುವಿನ ಓಮ್ ನೋಡಬೇಕು. ಕರೆಂಟ್ ಇರುವಾಗ ಓಮ್ ಅಳೆದರೆ ಮೀಟರ್ ಸುಳ್ಳು ಹೇಳುತ್ತದೆ. 120 ಓಮಿನ ಎರಡು ರೆಸಿಸ್ಟರುಗಳು ಸಮಾನಾಂತರವಾಗಿ ಕೂತಿರುವುದರಿಂದ 60ರ ಆಸುಪಾಸು ಬಂದರೆ ಮುಖ್ಯ ದಾರಿ ತುದಿಯಿಂದ ತುದಿಗೆ ಸರಿಯಿದೆ. 120 ಬಂದರೆ ಒಂದು ತುದಿ ಕಾಣುತ್ತಿಲ್ಲ: ಎಲ್ಲೋ ತಂತಿ ಕಡಿದಿದೆ, ಅಥವಾ ರೆಸಿಸ್ಟರ್ ಇರುವ ಕಂಪ್ಯೂಟರಿನ ಕಪ್ಲರ್ ಬಿಟ್ಟಿದೆ. ಸೊನ್ನೆಯ ಹತ್ತಿರ ಬಂದರೆ ಎರಡು ತಂತಿ ಒಂದಕ್ಕೊಂದು ತಾಗಿವೆ. 40 ಬಂದರೆ ಮೂರನೆಯ ರೆಸಿಸ್ಟರ್ ಎಲ್ಲಿಂದಲೋ ಸೇರಿದೆ. ಬೇರೆ ಮಾಡೆಲಿನ ಮೀಟರ್ ಬೋರ್ಡು, ಸೆಕೆಂಡ್‌ಹ್ಯಾಂಡ್ ಬಿಸಿಎಂ ಕೂರಿಸಿದ ಗಾಡಿಯಲ್ಲಿ ಹೀಗಾಗುತ್ತದೆ. ಮೀಟರ್ ಏನನ್ನೂ ತೋರಿಸದಿದ್ದರೆ ಓಬಿಡಿ ಕಪ್ಲರಿಗೆ ಬರುವ ಕವಲೇ ತುಂಡಾಗಿದೆ.

ಇಲ್ಲಿ ಎರಡು ಎಚ್ಚರಿಕೆ ಬೇಕು. 60 ಬಂದ ಮಾತ್ರಕ್ಕೆ ಎಲ್ಲವೂ ಸರಿಯೆಂದಲ್ಲ. ನಡುವಿನಿಂದ ಎಬಿಎಸ್‌ಗೆ ಹೋಗುವ ಕವಲು ಕಡಿದಿದ್ದರೂ ಮುಖ್ಯ ದಾರಿ 60 ಎಂದೇ ಹೇಳುತ್ತದೆ. ಇನ್ನೊಂದು, ಜಾಲಗಳ ನಡುವೆ ಸುದ್ದಿ ದಾಟಿಸುವ ಗೇಟ್‌ವೇ ಇರುವ ಗಾಡಿಗಳಲ್ಲಿ 6 ಮತ್ತು 14ನೇ ಪಿನ್ನುಗಳು ಗೇಟ್‌ವೇವರೆಗೆ ಮಾತ್ರ ಹೋಗುತ್ತವೆ. ಓಬಿಡಿಯಲ್ಲಿ ಕಂಡ ಸಂಖ್ಯೆ ಇಂಜಿನ್ ಜಾಲದ್ದಾಗಿರುವುದಿಲ್ಲ. ಆ ಮಾಡೆಲಿನ ವೈರಿಂಗ್ ನಕ್ಷೆ ನೋಡದೆ ತೀರ್ಮಾನ ಹೇಳಬಾರದು. ನಕ್ಷೆಯಿಲ್ಲದೆ ಜಾಲದ ಕೆಲಸಕ್ಕೆ ಇಳಿಯುವುದೇ ಸರಿಯಲ್ಲ. ಮೂರೂ ಊರಿನ ಗ್ಯಾರೇಜುಗಳು ತಮ್ಮಲ್ಲಿರುವ ನಕ್ಷೆಗಳನ್ನು ಒಬ್ಬರಿಗೊಬ್ಬರು ಕೊಟ್ಟು ತೆಗೆದುಕೊಂಡರೆ ಹುಬ್ಬಳ್ಳಿಗೋ ದಾವಣಗೆರೆಗೋ ಗಾಡಿ ಎಳೆದೊಯ್ಯುವ ಎಷ್ಟೋ ಪ್ರಸಂಗ ತಪ್ಪುತ್ತದೆ.

ಓಮ್ ಆದಮೇಲೆ ವೋಲ್ಟು. ಬ್ಯಾಟರಿ ಕೂಡಿಸಿ, ಚಾವಿ ಆನ್ ಮಾಡಿ, ಕಪ್ಪು ತಂತಿಯನ್ನು ಗಟ್ಟಿ ಅರ್ತಿಗೆ ಹಿಡಿದು ಅಳೆಯಬೇಕು. ಮಾತು ಓಡುತ್ತಿರುವಾಗ ಸಾದಾ ಮೀಟರ್ ಸರಾಸರಿಯನ್ನಷ್ಟೇ ತೋರಿಸುವುದರಿಂದ ಹೈ ತಂತಿ 2.6–2.7ರ ಸುತ್ತ, ಲೋ ತಂತಿ 2.3–2.4ರ ಸುತ್ತ ಕಾಣುತ್ತದೆ. ಎರಡನ್ನೂ ಕೂಡಿದರೆ ಸುಮಾರು 5 ಬರಬೇಕು. ಯಾವ ತಂತಿ ಸೊನ್ನೆಗೆ ಅಂಟಿದೆಯೋ ಅದು ಅರ್ತಿಗೆ ಷಾರ್ಟ್, 12ಕ್ಕೆ ಏರಿದ್ದರೆ ಬ್ಯಾಟರಿ ಲೈನಿಗೆ ಷಾರ್ಟ್. ಎರಡೂ ಅಲುಗಾಡದೆ ಒಂದೇ ಸಂಖ್ಯೆಯಲ್ಲಿ ನಿಂತಿದ್ದರೆ ಒಂದಕ್ಕೊಂದು ತಾಗಿರುವ ಶಂಕೆ. ಚಾವಿ ತೆಗೆದು ಬಹಳ ಹೊತ್ತಾಗಿದ್ದರೆ ಜಾಲ ನಿದ್ದೆಗೆ ಜಾರಿ ತಂತಿಗಳು ಸೊನ್ನೆಗೆ ಇಳಿದಿರಬಹುದು. ಅದು ದೋಷವಲ್ಲ, ಆದ್ದರಿಂದಲೇ ಚಾವಿ ಆನ್ ಇರಬೇಕು.

ಷಾರ್ಟ್ ಇದ್ದರೆ ಒಬ್ಬೊಬ್ಬರನ್ನೇ ಜಾಲದಿಂದ ಬಿಡಿಸುತ್ತ ಹೋಗುವುದೇ ದಾರಿ. ಯಾರ ಕಪ್ಲರ್ ಕಳಚಿದಾಗ ವೋಲ್ಟು ಸರಿಯಾಗಿ ಉಳಿದವರ ಮಾತು ಮರಳಿತೋ, ದೋಷ ಅವರೊಳಗೆ ಇಲ್ಲವೇ ಅವರ ಕವಲಿನಲ್ಲಿ. ಏರ್‌ಬ್ಯಾಗ್ ಕಪ್ಲರ್ ಮುಟ್ಟುವ ಮುನ್ನ ಬ್ಯಾಟರಿ ಬಿಚ್ಚಿ ತಯಾರಕರು ಹೇಳಿದಷ್ಟು ನಿಮಿಷ ಕಾಯಲೇಬೇಕು. ಏರ್‌ಬ್ಯಾಗಿನ ಸಿಡಿಮದ್ದಿಗೆ ಹೋಗುವ ತಂತಿಗಳಿಗೆ ಓಮ್ ಮೀಟರ್ ಹಚ್ಚಲೇಬಾರದು, ಮೀಟರಿನ ಸಣ್ಣ ಕರೆಂಟಿಗೂ ಅದು ಸಿಡಿಯಬಹುದು. ಬಲ್ಬಿನ ಟೆಸ್ಟ್ ಲ್ಯಾಂಪನ್ನು ಕ್ಯಾನ್ ತಂತಿಗೆ ತಾಗಿಸುವ ಅಭ್ಯಾಸವನ್ನೂ ಬಿಡಬೇಕು. ಪ್ಲಸ್ಸಿಗೆ ಸಿಕ್ಕಿಸಿದ ಟೆಸ್ಟ್ ಲ್ಯಾಂಪ್ 12 ವೋಲ್ಟನ್ನು ಸೀದಾ ಕಂಪ್ಯೂಟರಿನ ಒಳಕ್ಕೆ ಕಳಿಸುತ್ತದೆ.

ಒಂದು ಪ್ರಸಂಗವನ್ನು ಹತ್ತಿರದಿಂದ ನೋಡಬಹುದು. ಮೋಟೆಬೆನ್ನೂರಿನ ಹತ್ತಿರ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಒಂದು ಡೀಸೆಲ್ ಟ್ಯಾಕ್ಸಿ ನಿಂತಿದೆ ಎಂದಿಟ್ಟುಕೊಳ್ಳಿ. ಸೆಲ್ಫ್ ತಿರುಗುತ್ತದೆ, ಇಂಜಿನ್ ಹಿಡಿಯುವುದಿಲ್ಲ, ಮೂರು ಕಂಪ್ಯೂಟರುಗಳು ಯು-0100 ಬರೆದಿವೆ, ಸ್ಕ್ಯಾನರಿಗೆ ಇಸಿಎಂ ಸಿಗುತ್ತಿಲ್ಲ. ಬ್ಯಾಟರಿ ಸರಿಯಿದೆ. ಓಬಿಡಿಯಲ್ಲಿ 6–14ರ ನಡುವೆ 119 ಓಮ್ ಬರುತ್ತದೆ. ಇಸಿಎಂ ಕಪ್ಲರ್ ಕಳಚಿ ಮತ್ತೆ ಅಳೆದರೂ 119 ಬದಲಾಗುವುದಿಲ್ಲ, ಅಂದರೆ ಇಸಿಎಂ ಒಳಗಿನ ರೆಸಿಸ್ಟರ್ ಮೊದಲೂ ಲೆಕ್ಕದಲ್ಲಿ ಇರಲಿಲ್ಲ. ಕಳಚಿದ ಇಸಿಎಂನದೇ ಎರಡು ಕ್ಯಾನ್ ಪಿನ್ನುಗಳ ನಡುವೆ ಅಳೆದರೆ 120 ಸಿಗುತ್ತದೆ. ರೆಸಿಸ್ಟರ್ ಗಟ್ಟಿಯಿದೆ, ದೋಷ ತಂತಿಯಲ್ಲಿ. ಕಪ್ಲರಿನ ವೈರಿಂಗ್ ಬದಿಯಿಂದ ಓಬಿಡಿಯವರೆಗೆ ಒಂದೊಂದೇ ತಂತಿ ಅಳೆದಾಗ ಹೈ ತಂತಿ ಅರ್ಧ ಓಮಿಗಿಂತ ಕಡಿಮೆ, ಲೋ ತಂತಿ ಪೂರ್ತಿ ತುಂಡು. ತಂತಿಯ ದಾರಿ ಹಿಡಿದು ಹೋದರೆ ಬ್ಯಾಟರಿ ಟ್ರೇ ಕೆಳಗೆ ಟೇಪು ಹರಿದಿದೆ, ಇಲಿಯ ಹಲ್ಲಿನ ಗುರುತಿದೆ, ಲೋ ತಂತಿಯ ತಾಮ್ರದ ಎಳೆಗಳು ಹಸಿರು ಕಿಲುಬು ಹಿಡಿದು ಬೇರಾಗಿವೆ. ಅದನ್ನು ಕೂಡಿಸಿದ ಮೇಲೆ ಓಬಿಡಿ 60 ತೋರಿಸುತ್ತದೆ, ಇಂಜಿನ್ ಹಿಡಿಯುತ್ತದೆ. ಒಂದು ಗೇಣು ತಂತಿಯ ಕೆಲಸ. ಇದೇ ಗಾಡಿಗೆ ಇಸಿಎಂ ತರಿಸಿ ಹಾಕಿದ್ದರೆ ಸಾವಿರಾರು ರೂಪಾಯಿ ಖರ್ಚಾಗುತ್ತಿತ್ತು, ಗಾಡಿ ಅಲ್ಲೇ ನಿಂತಿರುತ್ತಿತ್ತು.

ಇಲಿಯ ಹಾವಳಿ ಈ ಸೀಮೆಯ ದೊಡ್ಡ ಕಾರಣ. ಗೋವಿನಜೋಳದ ಗೋದಾಮು, ಬೀಜದ ಗೋದಾಮುಗಳ ಪಕ್ಕ ರಾತ್ರಿ ನಿಲ್ಲಿಸಿದ ಗಾಡಿಯ ಬೆಚ್ಚನೆಯ ಬಾನೆಟ್ ಒಳಗೆ ಅವು ಸೇರಿಕೊಳ್ಳುತ್ತವೆ. ಜಪಾನಿನ ಹೋಂಡಾ ಕಂಪನಿ ಇಲಿಗಳನ್ನು ಓಡಿಸಲು ಮೆಣಸಿನಕಾಯಿಯ ಖಾರದ ಅಂಶ ಸೇರಿಸಿದ ಟೇಪನ್ನು ಮಾರುತ್ತದೆ. ಅದನ್ನು ಕೇಳಿ ಇಂಜಿನ್ ಮೇಲೆ ಖಾರದ ಪುಡಿ ಚೆಲ್ಲುವುದು ಬೇಡ. 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಬ್ಯಾಡಗಿ ಮೆಣಸಿನಕಾಯಿ ಹೆಸರಾದದ್ದು ಬಣ್ಣಕ್ಕೆ. ಖಾರ ಅದರಲ್ಲಿ ಕಡಿಮೆ. ಪುಡಿ ಮಾತ್ರ ತೇವ ಹೀರಿ ಕಪ್ಲರಿನ ಸಂದಿಯಲ್ಲಿ ಕೂರುತ್ತದೆ. ತಂತಿಗೆ ಗಟ್ಟಿ ಕೊಳವೆ ತೊಡಿಸುವುದು, ಬಾನೆಟ್ ಒಳಗಿನ ಧಾನ್ಯದ ಕಸ ತೆಗೆಯುವುದು, ನಿಲ್ಲಿಸುವ ಜಾಗ ಬದಲಿಸುವುದು ಮೇಲು.

ನೀರು ಎರಡನೆಯ ಶತ್ರು. ಮಳೆಗಾಲದಲ್ಲಿ ಎರೆಮಣ್ಣು ಮೆತ್ತಿದ ಗಾಡಿಯನ್ನು ಸರ್ವಿಸ್ ಸ್ಟೇಷನ್ನಿನಲ್ಲಿ ಒತ್ತಡದ ನೀರಿನಿಂದ ತೊಳೆದಾಗ ರಬ್ಬರ್ ಸೀಲ್ ಸಡಿಲಾದ ಕಪ್ಲರುಗಳೊಳಗೆ ನೀರು ಇಳಿಯುತ್ತದೆ. ಕೂಡಲೇ ಏನೂ ಆಗುವುದಿಲ್ಲ. ಕಿಲುಬು ಬೆಳೆದು ತಿಂಗಳುಗಳ ಮೇಲೆ, ಒಮ್ಮೆ ಬಂದು ಒಮ್ಮೆ ಹೋಗುವ ದೋಷ ತಲೆದೋರುತ್ತದೆ. ಅಂಥದ್ದನ್ನು ಹಿಡಿಯಲು ಇಂಜಿನ್ ಓಡುವಾಗ ಸ್ಕ್ಯಾನರಿನಲ್ಲಿ ಲೈವ್ ಡೇಟಾ ಇಟ್ಟುಕೊಂಡು, ಒಬ್ಬರು ನೋಡುತ್ತಿರುವಾಗ ಇನ್ನೊಬ್ಬರು ಕಪ್ಲರುಗಳನ್ನು, ಬಾಗಿಲ ಸಂದಿನ ವೈರಿಂಗನ್ನು ಒಂದೊಂದಾಗಿ ಅಲುಗಿಸಬೇಕು. ತಾಳ್ಮೆ ಬೇಡುವ ಕೆಲಸ, ಬೇರೆ ಒಳದಾರಿ ಇಲ್ಲ.

ಹೊರಗಿನಿಂದ ಕೂರಿಸಿದ ಸಾಮಾನು ಮೂರನೆಯದು. ಮ್ಯೂಸಿಕ್ ಸಿಸ್ಟಂ, ರಿಮೋಟ್ ಲಾಕ್, ಎಲ್ಇಡಿ ಹೆಡ್‌ಲೈಟ್, ರಿವರ್ಸ್ ಕ್ಯಾಮೆರಾ, ಜಿಪಿಎಸ್ ಟ್ರ್ಯಾಕರ್‌ಗಳ ತಂತಿಯನ್ನು ಸಿಕ್ಕ ಜಾಗದಲ್ಲಿ ಸುಲಿದು ಸುತ್ತಿದ್ದರೆ ಜಾಲ ಬಳಲುತ್ತದೆ. ಹಲವು ಗಾಡಿಗಳಲ್ಲಿ ರಾತ್ರಿ ಕಳೆಯುವುದರೊಳಗೆ ಬ್ಯಾಟರಿ ಇಳಿಯುವುದಕ್ಕೂ ಇದೇ ಕಾರಣ: ಟ್ರ್ಯಾಕರ್ ಜಾಲವನ್ನು ಮಲಗಲು ಬಿಡುವುದಿಲ್ಲ. ಗಾಡಿ ಲಾಕ್ ಮಾಡಿ ಅರ್ಧ ಗಂಟೆಯ ಮೇಲೆ ಬ್ಯಾಟರಿಯಿಂದ ಹೋಗುವ ಕರೆಂಟ್ 50 ಮಿಲಿಆಂಪ್ ಮೀರಿದ್ದರೆ ಎಚ್ಚರವಾಗಿರುವವರು ಯಾರೆಂದು ಹುಡುಕಬೇಕು. ದೋಷ ಹುಡುಕುವಾಗ ಇಂಥ ಸಾಮಾನುಗಳನ್ನೆಲ್ಲ ಮೊದಲು ಕಳಚಿಟ್ಟು ನೋಡುವುದು ಸಮಯ ಉಳಿಸುತ್ತದೆ.

ಬಾಗಿಲ ಗಾಜು, ವೈಪರ್, ಕನ್ನಡಿಗಳಂಥ ಸಣ್ಣ ಕೆಲಸಗಳಿಗೆ ಲಿನ್ ಎಂಬ ಒಂಟಿ ತಂತಿಯ ಜಾಲವಿದೆ. ಸೆಕೆಂಡಿಗೆ 20 ಸಾವಿರ ಬಿಟ್ ಇದರ ಮಿತಿ. ಸುಮ್ಮನಿರುವಾಗ ಬ್ಯಾಟರಿ ವೋಲ್ಟೇಜಿನ ಹತ್ತಿರ ಇರಬೇಕು, ಸೊನ್ನೆಗೆ ಅಂಟಿದ್ದರೆ ಯಾವುದೋ ಸ್ವಿಚ್ಚು ಅಥವಾ ಮೋಟರು ಅದನ್ನು ಕೆಳಗೆ ಎಳೆದಿದೆ. ಒಂದೊಂದೇ ಕಳಚಿದರೆ ಸಿಗುತ್ತದೆ.

ಲಾರಿಗಳ ವಿಚಾರ ಸ್ವಲ್ಪ ಬೇರೆ. ಬ್ಯಾಡಗಿಯ ಸೋಮವಾರ, ಗುರುವಾರಗಳ ಮೆಣಸಿನಕಾಯಿ ಸಂತೆಗೆ ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯಿಂದ ಬರುವ ಲೋಡುಗಾಡಿಗಳಲ್ಲಿ ಬಿಎಸ್-6ರವು ಹೆಚ್ಚುತ್ತಿವೆ. ಭಾರಿ ವಾಹನಗಳ ಜಾಲದ ಮಾನಕ ಜೆ-1939, ಸಾಮಾನ್ಯ ವೇಗ ಸೆಕೆಂಡಿಗೆ 2.5 ಲಕ್ಷ ಬಿಟ್. ಒಂಬತ್ತು ಪಿನ್ನಿನ ದುಂಡು ಕಪ್ಲರಿದ್ದರೆ ‘ಸಿ’ ಪಿನ್ ಹೈ, ‘ಡಿ’ ಪಿನ್ ಲೋ. ಬ್ಯಾಟರಿ 24 ವೋಲ್ಟಿನದಾದರೂ ಕ್ಯಾನ್ ತಂತಿಯ ವೋಲ್ಟು ಕಾರಿನಂತೆಯೇ, 60 ಓಮಿನ ಲೆಕ್ಕವೂ ಅದೇ. ಯೂರಿಯಾ ದ್ರಾವಣ ಬಳಸುವ ಈ ಲಾರಿಗಳಲ್ಲಿ ಸೈಲೆನ್ಸರ್ ಕೊಳವೆಗೆ ಕೂರಿಸಿದ ನಾಕ್ಸ್ ಸೆನ್ಸರ್ ತಾನೇ ಒಂದು ಕಂಪ್ಯೂಟರ್ ಹೊತ್ತು ನೇರವಾಗಿ ಕ್ಯಾನ್ ತಂತಿಗೆ ಸೇರಿರುತ್ತದೆ. ಬಿಸಿ, ಕಂಪನ, ಕೆಸರು ಮೂರೂ ಅದಕ್ಕೇ. ಅದರ ಒಳಗೆ ಷಾರ್ಟ್ ಆದರೆ ಅದೇ ತಂತಿಯ ಮೇಲಿರುವ ಇತರರ ಮಾತೂ ನಿಲ್ಲುತ್ತದೆ, ಲಾರಿ ಎಳೆತ ಕಳೆದುಕೊಳ್ಳುತ್ತದೆ. ಹೀಗಾದಾಗ ಮೊದಲು ಕಳಚಿ ನೋಡಬೇಕಾದ ಕಪ್ಲರ್ ಅದು. ಇನ್ನು ಬಾಡಿ ವೆಲ್ಡಿಂಗ್: ಬ್ಯಾಟರಿ ಬಿಚ್ಚದೆ, ವೆಲ್ಡಿಂಗ್ ಅರ್ತನ್ನು ದೂರದ ಚಾಸಿಗೆ ಕಚ್ಚಿಸಿ ಹೊಲಿಗೆ ಹಾಕಿದರೆ ನೂರಾರು ಆಂಪಿಯರ್ ಕರೆಂಟ್ ಕಂಪ್ಯೂಟರುಗಳ ಅರ್ತ್ ದಾರಿಯಲ್ಲೇ ಹರಿಯಬಹುದು. ಬ್ಯಾಟರಿ ಬಿಚ್ಚಿ, ವೆಲ್ಡಿಂಗ್ ಅರ್ತನ್ನು ಕೆಲಸದ ಜಾಗದ ಪಕ್ಕದಲ್ಲೇ ಕಚ್ಚಿಸಬೇಕು.

ಓಮ್, ವೋಲ್ಟ್ ಎರಡೂ ಸರಿಯಿದ್ದು ದೋಷ ಉಳಿದರೆ ಆಸಿಲೋಸ್ಕೋಪ್ ಬೇಕು. ಆರೋಗ್ಯವಂತ ಜಾಲದಲ್ಲಿ ಹೈ ಮತ್ತು ಲೋ ಚಿತ್ರಗಳು ಒಂದಕ್ಕೊಂದು ಕನ್ನಡಿಯಂತೆ, ಚೌಕ ಮೂಲೆಗಳೊಂದಿಗೆ ಕಾಣುತ್ತವೆ. ತುದಿಯ ರೆಸಿಸ್ಟರ್ ಹೋದರೆ ಮೂಲೆಗಳಲ್ಲಿ ಮುಳ್ಳುಗಳೇಳುತ್ತವೆ, ಇಳಿತ ನಿಧಾನವಾಗುತ್ತದೆ. ಒಬ್ಬನ ಸಂದೇಶ ಮಾತ್ರ ಕುಳ್ಳಗೆ ಅಥವಾ ಎತ್ತರಕ್ಕೆ ಕಂಡರೆ ಅವನ ಅರ್ತ್ ಅಥವಾ ಅವನ ಚಿಪ್ ದೋಷಿ. ಒಂದೊಂದು ಗ್ಯಾರೇಜಿಗೆ ಒಂದು ಸ್ಕೋಪ್ ಭಾರವಾದರೆ ಒಂದು ಊರಿನವರು ಸೇರಿ ಒಂದನ್ನು ಇಟ್ಟುಕೊಳ್ಳಬಹುದು.

ಕಡಿದ ತಂತಿಯನ್ನು ಕೂಡಿಸುವಾಗ ಬೆರಳಲ್ಲಿ ತಿರುಚಿ ಟೇಪ್ ಸುತ್ತುವುದು ಕ್ಯಾನ್‌ಗೆ ಸಲ್ಲದು. ಕ್ರಿಂಪ್ ಅಥವಾ ಬೆಸುಗೆ ಹಾಕಿ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ತೊಡಿಸಬೇಕು. ಎರಡೂ ತಂತಿ ಕಡಿದಿದ್ದರೆ ಗಂಟುಗಳು ಎದುರುಬದುರು ಬಾರದಂತೆ ಹಿಂದುಮುಂದಾಗಿಡಬೇಕು, ಹೆಣಿಗೆಯನ್ನು ಆದಷ್ಟು ಕಡಿಮೆ ಬಿಚ್ಚಿ ಮತ್ತೆ ಹೆಣೆಯಬೇಕು. ಅಳೆಯಲೆಂದು ಸೂಜಿಯಿಂದ ಇನ್ಸುಲೇಷನ್ ಚುಚ್ಚಿದ ರಂಧ್ರ ಮುಂದಿನ ಮಳೆಗಾಲದ ಕಿಲುಬಿಗೆ ಬಾಗಿಲು. ಕಪ್ಲರಿನ ಹಿಂಬದಿಯಿಂದ ಪಿನ್ ಇಳಿಸಿ ಅಳೆಯುವುದೇ ಸರಿ.

ಇಷ್ಟಾದ ಮೇಲೂ ಇಸಿಎಂ ಮೌನವಾಗಿದ್ದರೆ ಕೊನೆಯ ಪರೀಕ್ಷೆಯೊಂದಿದೆ. ಇಸಿಎಂ ಕಪ್ಲರ್ ಕಳಚಿ, ಅದರ ಪ್ಲಸ್ ಮತ್ತು ಅರ್ತ್ ಪಿನ್ನುಗಳಿಗೆ 21 ವಾಟಿನ ಇಂಡಿಕೇಟರ್ ಬಲ್ಬು ಹಚ್ಚಬೇಕು. ಮೀಟರಿನಲ್ಲಿ 12 ವೋಲ್ಟ್ ತೋರಿಸುವ ತಂತಿ ಒಂದೇ ಎಳೆಯ ಮೇಲೆ ನಿಂತಿರಬಹುದು. ಒಂದೂಮುಕ್ಕಾಲು ಆಂಪಿಯರ್ ಎಳೆಯುವ ಬಲ್ಬು ಅಲ್ಲಿ ಮಿಣುಕುತ್ತದೆ. ಬಲ್ಬು ಪೂರ್ತಿ ಉರಿಯಿತು, ಅದೇ ಕಪ್ಲರಿನವರೆಗೆ ಎರಡೂ ಕ್ಯಾನ್ ತಂತಿ ಗಟ್ಟಿಯಿವೆ, ಆದರೂ ಮಾತಿಲ್ಲ ಎಂದಾದಾಗ ಮಾತ್ರ ಇಸಿಎಂ ಕೆಟ್ಟಿದೆ ಎನ್ನಬಹುದು. ಹೊಸದು ಹಾಕಿದರೂ ಕೋಡಿಂಗ್, ಚಾವಿಯ ಇಮ್ಮೊಬಿಲೈಜರ್ ಜೋಡಣೆ ಆಗದೆ ಗಾಡಿ ಹಿಡಿಯುವುದಿಲ್ಲ ಎಂಬುದನ್ನು ಮಾಲೀಕನಿಗೆ ಮೊದಲೇ ಹೇಳಬೇಕು.

ಮೂರೂ ಊರಿನ ಗ್ಯಾರೇಜುಗಳಲ್ಲಿ ಒಂದು ಬಿನ್ನಹ: ಯಾವ ಗಾಡಿಗೇ ಆಗಲಿ ಇಸಿಎಂ ಬದಲಿಸಬೇಕೆಂದು ಹೇಳುವ ಮುನ್ನ ಬ್ಯಾಟರಿಯ ವೋಲ್ಟು, ಅರ್ತಿನ ವೋಲ್ಟು, 6–14ರ ಓಮು, ಹೈ ಮತ್ತು ಲೋ ತಂತಿಗಳ ವೋಲ್ಟು ಇಷ್ಟನ್ನೂ ಜಾಬ್ ಕಾರ್ಡಿನಲ್ಲಿ ಬರೆದು, ಅದರ ಒಂದು ಪ್ರತಿಯನ್ನು ಮಾಲೀಕನ ಕೈಗೆ ಕೊಡಿ.

ಇಂತಿ,
ನಿಮ್ಮ ಕಸುಬಿನ ಹಿತೈಷಿ